ನಾನೇ ದೂಡಿದ ಕಾರು

“ಭಾಯಿಸಾಬ್, ಥೋಡಾ ಧಕ್ಕಾ ಮಾರೋ!” ಸಾನಪಾಡಾದ ಹೌಸಿಂಗ್ ಸೊಸೈಟಿಯೊಂದರ ಗೇಟಿನ ಬಳಿ ಕೆಟ್ಟು ನಿಂತಿದ್ದ ಬಿಳಿ ಕಾರಿನೊಳಗಿಂದ ಒಬ್ಬರು ಕೂಗಿದರು. ನಾನೂ ವಾಚ್‌ಮನ್ನೂ ಸೇರಿ ಬೆವರು ಸುರಿಸಿ ದೂಡಿದೆವು. ಕಾರು ಕೆಮ್ಮುತ್ತಾ ಸ್ಟಾರ್ಟ್ ಆಗಿ, ತುಸು ಮುಂದೆ ಹೋಗಿ ಗುರುಗುಟ್ಟುತ್ತಾ ನಿಂತಿತು.

ನಾನು ಬಂದದ್ದು ಹಳೇ ಕಾರೊಂದನ್ನು ಕೊಳ್ಳಲು. ಮಾರುವವರು ನಮ್ಮ ಉಡುಪಿ ಕಡೆಯವರೇ. “ಕೀ ತಿರುಗಿಸಿದ್ರೆ ಸಾಕು ಮಾರಾಯ್ರೆ, ಬೆಣ್ಣೆಯ ಹಾಗೆ ಓಡ್ತದೆ” ಎಂದು ಫೋನಿನಲ್ಲಿ ಹೇಳಿದ್ದರು. ಊರಿನವರೆಂಬ ನಂಬಿಕೆಯಲ್ಲಿ ಅಡ್ವಾನ್ಸ್ ಕೂಡ ಜೇಬಿನಲ್ಲಿಟ್ಟುಕೊಂಡೇ ಹೊರಟಿದ್ದೆ. ಕೂರಲು ಜಾಗ ಸಿಗಲೆಂದು ಯಾವಾಗಲೂ ಒಂದು ಲೋಕಲ್ ರೈಲು ಮುಂಚೆಯೇ ಹಿಡಿಯುವುದು ಡೊಂಬಿವಲಿಯ ನಮ್ಮ ಅಭ್ಯಾಸ. ಹಾಗಾಗಿ ಹೇಳಿದ ಹೊತ್ತಿಗಿಂತ ಬೇಗ ತಲುಪಿದ್ದೆ. ಕೈ ಒರೆಸಿಕೊಂಡು ಅವರಿಗೆ ಫೋನ್ ಮಾಡಿದೆ.

ರಿಂಗಾದದ್ದು ಅದೇ ಬಿಳಿ ಕಾರಿನೊಳಗೆ!

“ಬಂದ್ರಾ ಮಾರಾಯ್ರೆ? ಗಾಡಿ ರೆಡಿ ಉಂಟು!” ಆ ಮಾತು ನನ್ನ ಫೋನಿನಿಂದಲೂ ಕಾರಿನ ಕಿಟಕಿಯಿಂದಲೂ ಒಟ್ಟಿಗೇ ಕೇಳಿಸಿತು.

“ಗೊತ್ತುಂಟು ಮಾರಾಯ್ರೆ, ಈಗಷ್ಟೇ ದೂಡಿದ್ದು ನಾನೇ ಅಲ್ವಾ!” ಎಂದೆ.

ಹಳೇ ಕಾರು ಕೊಳ್ಳುವಾಗ ಏನೇನು ನೋಡಬೇಕೆಂದು ಈಗ ಯಾರಾದರೂ ಕೇಳಿದರೆ, ಎಂಜಿನ್ ವಿಷಯ ನನಗೆ ತಿಳಿಯದು, ಒಂದು ಲೋಕಲ್ ಮುಂಚೆ ಹೋಗಿ ಎನ್ನುತ್ತೇನೆ.