ಕೆರೆಯಂಗಳದಲ್ಲಿ ಅಳಿಸಿದ ಗೆರೆ

ಕುಣಿಗಲ್ ಕೆರೆಯಂಗಳದ ಕೆಸರಿನಲ್ಲಿ ಇಂದು ಬೆಳಿಗ್ಗೆ ಸೈಕ್ಲೋಕ್ರಾಸ್ ರೇಸ್ ಇತ್ತು. ತುಳಿಯಲು ಆಗದ ಕಡೆ ಸೈಕಲ್ ಹೊತ್ತು ಓಡುವ ಆಟ ಇದು. ಗೆಳತಿ ಶಬಾನಾ ಜೊತೆ ತುಮಕೂರಿನಿಂದ ಬಂದಿದ್ದೆ. ಹಿಂದಿನ ಎರಡೂ ರೇಸುಗಳನ್ನು ಅರ್ಧಕ್ಕೇ ಬಿಟ್ಟವಳು ನಾನು. ಇದನ್ನೂ ಮುಗಿಸಲಾಗದಿದ್ದರೆ ಸೈಕಲ್ ಮಾರಿಬಿಡುವುದೆಂದು ತೀರ್ಮಾನಿಸಿದ್ದೆ.

ಕೊನೆಯ ಸುತ್ತಿನಲ್ಲಿ ಚೈನ್ ತುಂಡಾಯಿತು. ಸೈಕಲ್ಲನ್ನು ಹೆಗಲಿಗೇರಿಸಿ ಓಡಿದೆ. ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬರು ಕೂಗಿದರು: "ಹತ್ಕೊಂಡ್ ಹೋಗೋದ್ ಬುಟ್ಟು ಹೊತ್ಕೊಂಡ್ ಯಾಕವ್ವ ಓಡ್ತೀಯಾ?"

"ಮುಗಿಸ್ಲೇಬೇಕಮ್ಮ!"

"ಎಲ್ಲಾರೂ ಹೊಂಟೋದ್ರಲ್ಲವ್ವ!"

ನಾನು ನಂಬಲಿಲ್ಲ. ಕೆರೆ ಏರಿ ಹತ್ತಿ ನೋಡಿದರೆ ಸಂಘಟಕರು ಬ್ಯಾನರ್ ಬಿಚ್ಚಿ ಸುತ್ತುತ್ತಿದ್ದರು. ಮುಕ್ತಾಯಕ್ಕೆಂದು ಸುಣ್ಣದಲ್ಲಿ ಎಳೆದಿದ್ದ ಗೆರೆ ವ್ಯಾನಿನ ಚಕ್ರಕ್ಕೆ ಸಿಕ್ಕಿ ಅಳಿಸಿಹೋಗಿತ್ತು. ಅದು ಎಲ್ಲಿತ್ತೆಂದು ತಿಳಿಯದೆ ಶಬಾನಾ ನಿಂತಿದ್ದ ಕಡೆಗೇ ಓಡಿದೆ.

"ನೀನು ಬಿಟ್ಬಿಟ್ಟೆ ಅಂತ ಬರ್ಕೊಂಡ್ರು ಕಣೇ," ಎಂದಳು ಅವಳು. "ಬರ್ತಾಳೆ ಇರಿ ಅಂತ ಎಷ್ಟ್ ಹೇಳ್ದೆ, ಕೇಳ್ಲಿಲ್ಲ."

"ಈಗ ಬಂದ್ನಲ್ಲೇ?"

ಅವಳು ಸೈಕಲ್ ಇಳಿಸಿಕೊಳ್ಳಲು ಕೈ ಚಾಚಿದಳು. ನನಗೆ ಕೊಡಲು ಆಗಲಿಲ್ಲ. ಹೊತ್ತುಕೊಂಡೇ ನಿಂತು ಅತ್ತುಬಿಟ್ಟೆ.