ಚಿಕ್ಕಮ್ಮ ಇನ್ನೂ ಓಟ ಮುಗಿಸಿರಲಿಲ್ಲ

ಸಿಟ್ಟು ಬಂದರೆ ನನ್ನ ಮಾತು ತಡವರಿಸುತ್ತದೆ, ಕಣ್ಣಲ್ಲಿ ನೀರು ತುಂಬಿಬಿಡುತ್ತದೆ. ಎದುರಿಗಿದ್ದವರು ಪಾಪ, ಅಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಆ ಭಾನುವಾರ ಓಟದ ಕ್ಲಬ್ಬಿನ ಕಾರ್ಯದರ್ಶಿಯೂ ಹಾಗೇ ಅಂದುಕೊಂಡ. (ಅವನಿಗೆ ಬಹುವಚನ ಕೊಡಲು ಈಗಲೂ ಮನಸ್ಸಿಲ್ಲ.)

ಚಿಕ್ಕಮ್ಮನದು ಬಟ್ಟೆ ರಿಪೇರಿ ಅಂಗಡಿ. ಫೋಟೊ ಸ್ಟುಡಿಯೋಗೆ ಹತ್ತುವ ಮೆಟ್ಟಿಲಿನ ಕೆಳಗಿನ ಜಾಗ. ಎದ್ದು ನಿಂತರೆ ತಲೆ ತಾಗುತ್ತದೆ, ಹಾಗಾಗಿ ದಿನವಿಡೀ ಕೂತೇ ಇರುತ್ತಾಳೆ. ಜಿಪ್ಪು ಬದಲಿಸುವುದು, ಪ್ಯಾಂಟು ಗಿಡ್ಡ ಮಾಡುವುದು, ಬೆಳೆದ ಮಕ್ಕಳ ಯೂನಿಫಾರ್ಮಿನ ಮಡಿಕೆ ಬಿಚ್ಚಿ ಉದ್ದ ಇಳಿಸುವುದು. ಕೂತು ಕೂತು ಕಾಲು ಜೋಮು ಹಿಡಿಯತೊಡಗಿದಾಗ ಕ್ಲಬ್ಬಿಗೆ ಸೇರಿದಳು.

"ಈ ವಯಸ್ಸಲ್ಲಿ ಇದೇನು ಹುಚ್ಚು? ಬಿದ್ದು ಸೊಂಟ ಮುರ್ಕೊಂಡ್ರೆ?" ಎಂದು ಗೋಳಾಡಿದೆ.

"ಬಿದ್ರೆ ಏಳ್ತೀನಿ ಕಣೇ. ನೀನಂತೂ ಬೀಳೋಕೆ ಮುಂಚೇನೇ ಬ್ಯಾಂಡೇಜು ಸುತ್ಕೊಂಡು ಕೂರೋಳು."

ಕ್ಲಬ್ಬಿನಲ್ಲಿ ಅವಳೇ ಎಲ್ಲರಿಗಿಂತ ನಿಧಾನ. ಆದರೂ ಅವಳಿಲ್ಲದೆ ನಡೆಯುವಂತಿರಲಿಲ್ಲ. ಕ್ರಾಸ್‌ಕಂಟ್ರಿ ಓಟದಲ್ಲಿ ಒಂದು ತಂಡದ ನಾಲ್ವರೂ ಮುಗಿಸಿದರೆ ಮಾತ್ರ ಅದು ಲೆಕ್ಕಕ್ಕೆ. ಕ್ಲಬ್ಬಿನಲ್ಲಿದ್ದ ಹೆಂಗಸರೇ ಒಟ್ಟು ನಾಲ್ವರು: ನರ್ಸು, ಬಸ್ ಓಡಿಸುವಾಕೆ, ಒಬ್ಬಳು ಕಾಲೇಜು ಹುಡುಗಿ, ಮತ್ತೆ ಚಿಕ್ಕಮ್ಮ. ಹಿಂದಿನ ಓಟಗಳಲ್ಲಿ ಯಾರಾದರೊಬ್ಬರು ಮುಗಿಸದೆ ಉಳಿದಿದ್ದರು. "ಈ ಸಲಾನೂ ನಾಲ್ಕು ಜನ ಮುಗಿಸ್ಲಿಲ್ಲ ಅಂದ್ರೆ ಹೆಂಗಸರ ತಂಡಾನೇ ಬೇಡ. ಸುಮ್ನೆ ಯಾಕೆ ಶೋಕಿ?" ಎಂದು ಕಾರ್ಯದರ್ಶಿ ಎಲ್ಲರೆದುರೇ ಹೇಳಿದ್ದ.

ಆ ದಿನ ಗಾಳಿ ಬೇರೆ. ಹಲ್ಲು ಬರುತ್ತಿದ್ದ ನನ್ನ ಮಗುವಿಗೆ ಟೋಪಿಯ ಮೇಲೊಂದು ಟೋಪಿ ಹಾಕಿ ಎತ್ತಿಕೊಂಡು ಮೈದಾನದ ಅಂಚಿನಲ್ಲಿ ನಿಂತಿದ್ದೆ. ಮೂವರು ಬಂದರು. ಚಿಕ್ಕಮ್ಮ ಬರಲಿಲ್ಲ. ಬಂದವನು ಕಾರ್ಯದರ್ಶಿ, ಹೆಗಲ ಮೇಲೆ ಕೆಂಪು ರಿಬ್ಬನ್ನುಗಳ ಕಂತೆ. ಕಾಡಿನೊಳಗೆ ಓಟದ ದಾರಿ ತಿಳಿಯಲೆಂದು ಮರಗಳಿಗೆ ಕಟ್ಟಿದ ರಿಬ್ಬನ್ನುಗಳನ್ನು ಕೊನೆಯ ಓಟಗಾರರ ಹಿಂದೆ ನಡೆಯುತ್ತ ಬಿಚ್ಚಿಕೊಂಡು ಬರುವುದು ಅವರ ಪದ್ಧತಿ.

"ನಮ್ಮ ಚಿಕ್ಕಮ್ಮ ಎಲ್ಲಿ?"

"ಟೈಲರಮ್ಮನಾ? ಕಾಡಲ್ಲಿ ಯಾರೂ ಇಲ್ಲಮ್ಮ. ಮಧ್ಯದಲ್ಲೇ ಬಿಟ್ಟು ಮನೆಗೆ ಹೋಗಿರ್ತಾರೆ."

"ಹೋಗಿದ್ದು ನೋಡಿದ್ರಾ?"

"ನೋಡೋದೇನು ಬಂತು? ನನ್ನ ಮುಂದೆ ಯಾರೂ ಇರ್ಲಿಲ್ವಲ್ಲ."

ಹಾವು, ಹಳ್ಳ, ಹೃದಯಾಘಾತ, ಎಲ್ಲವೂ ಒಟ್ಟಿಗೇ ಕಣ್ಣ ಮುಂದೆ ಬಂದವು. ನಾನು ಹೀಗೆ ಒದ್ದಾಡುತ್ತಿದ್ದರೆ ಅವನು ಓಟ ಮುಗಿಯುವಲ್ಲಿ ಕಟ್ಟಿದ್ದ ಹಗ್ಗ ಬಿಚ್ಚಿಸುತ್ತಿದ್ದ!

ಅಷ್ಟರಲ್ಲಿ ಡಾಂಬರು ರಸ್ತೆಯ ಕಡೆಯಿಂದ ಚಿಕ್ಕಮ್ಮ ಬಂದಳು. ಮೊಣಕಾಲಿನವರೆಗೂ ಕೆಸರು. ಹಳ್ಳ ದಾಟುವಾಗ ಶೂ ಹೂತುಹೋಗಿತ್ತಂತೆ. ದಂಡೆಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಅದನ್ನು ಕೀಳುತ್ತಿದ್ದಾಗ ಈ ಮಹಾಶಯ ಮೇಲಿನಿಂದ ದಾಟಿಹೋಗಿದ್ದಾನೆ. ಎದ್ದು ನೋಡಿದರೆ ರಿಬ್ಬನ್ನೇ ಇಲ್ಲ. ದಿಕ್ಕು ತಪ್ಪಿ ರಸ್ತೆ ಸೇರಿದ್ದಾಳೆ.

"ರಸ್ತೆಯಿಂದ ಬಂದ್ರೆ ಮುಗಿಸಿದ ಹಾಗಾಗಲ್ಲ ಟೈಲರಮ್ಮ," ಅವನು ನಕ್ಕ. "ಹಳ್ಳದಾಚೆ ದಾರಿ ಪೂರ್ತಿ ಬಾಕಿ ಇದೆ. ನಿಮ್ಮ ವಯಸ್ಸಿಗೆ ಇಷ್ಟೇ ದೊಡ್ಡದು ಬಿಡಿ."

ಮೈಯೆಲ್ಲ ಉರಿದುಹೋಯಿತು. "ರಿ... ರಿಬ್ಬನ್ ಬಿಚ್ಚಿದ್ದು ನೀವು!"

"ಅಳ್ಬೇಡಮ್ಮ, ಮಗು ಹೆದರ್ಕೊಳುತ್ತೆ."

ಮಗು ಅವನ ಕೊರಳಲ್ಲಿದ್ದ ಸೀಟಿಯನ್ನೇ ನೋಡುತ್ತ ಜೊಲ್ಲು ಸುರಿಸುತ್ತಿತ್ತು. ಹೆದರಿರಲಿಲ್ಲ.

ಬಾಗಿಲು ಹಾಕುವ ಹೊತ್ತಿಗೆ ಬಂದು ಅರ್ಜೆಂಟು ಎನ್ನುವ ಗಿರಾಕಿಯ ಮೇಲೂ ದನಿ ಎತ್ತದ ಹೆಂಗಸು ನನ್ನ ಚಿಕ್ಕಮ್ಮ. ಆಗಲೂ ಎತ್ತಲಿಲ್ಲ. ಆದರೆ ದವಡೆ ಬಿಗಿದಿತ್ತು.

"ಸರಿ, ನಾನು ಮುಗಿಸಿಲ್ಲ. ಬಿಟ್ಟೂ ಕೊಟ್ಟಿಲ್ಲ. ನೀವು ಹಗ್ಗ ಕಟ್ಸಿ, ನಾನು ಹಳ್ಳದಿಂದ ಓಡಿ ಬರ್ತೀನಿ."

"ಮತ್ತೆ ರಿಬ್ಬನ್ ಕಟ್ಟೋರ್ಯಾರು?"

"ರಿಬ್ಬನ್ ನೀವೇ ಹೆಗಲ ಮೇಲೆ ಇಟ್ಕೊಳ್ಳಿ, ಚೆನ್ನಾಗಿ ಒಪ್ಪುತ್ತೆ," ಎಂದಳು ಬಸ್ ಓಡಿಸುವಾಕೆ. "ತಿರುವಿಗೊಬ್ಬರು ನಾವು ನಿಂತು ದಾರಿ ಕೂಗ್ತೀವಿ."

ಹಳ್ಳಕ್ಕೆ ವಾಪಸು ಹೊರಟ ಚಿಕ್ಕಮ್ಮನ ಜೊತೆ ಮೂವರೂ ಕಾಡಿನೊಳಕ್ಕೆ ನಡೆದರು. ಕೊನೆಯ ತಿರುವಿಗೆ ಜನ ಸಾಲಲಿಲ್ಲ. ಗಾಳಿಗೆ ಮಗುವಿನ ಕಿವಿ ನೋಯಬಹುದು, ಬೇರು ಎಡವಿ ಬೀಳಬಹುದು ಎಂದುಕೊಳ್ಳುತ್ತಲೇ ನಾನೇ ಹೋಗಿ ನಿಂತೆ.

ದೂರದಿಂದ ನರ್ಸಮ್ಮನ ಕೂಗು ಕೇಳಿತು, ಆಮೇಲೆ ಹುಡುಗಿಯದು. ಕಡೆಗೆ ಮರಗಳ ನಡುವೆ ಚಿಕ್ಕಮ್ಮ ಕಂಡಳು. ಓಡುವವರ ಮುಖದಲ್ಲಿ ಇರುತ್ತದೆನ್ನುವ ಖುಷಿ ಗಿಷಿ ಏನೂ ಇರಲಿಲ್ಲ. ಯಾರಿಗೋ ಹೊಡೆಯಲು ಹೊರಟವಳಂತೆ ಓಡುತ್ತಿದ್ದಳು. "ಎಡಕ್ಕೆ ಚಿಕ್ಕಮ್ಮ, ಎಡಕ್ಕೆ!" ಎಂದು ಕಿರುಚಿದೆ, ಒಂದಕ್ಷರವೂ ತಡವರಿಸದೆ.

ನಾನು ಹಿಂದೆಯೇ ಓಡಿ ಬರುವಷ್ಟರಲ್ಲಿ ಅವಳು ಹಗ್ಗ ದಾಟಿ ಮಂಡಿ ಹಿಡಿದು ಬಗ್ಗಿದ್ದಳು. ಕಾರ್ಯದರ್ಶಿ ಕೈಕುಲುಕಲು ಬಂದ. ಅವಳು ಕೈ ಕೊಡಲಿಲ್ಲ.

"ನಾಲ್ಕು ಜನ ಆಯ್ತಾ?"

"ಆಯ್ತು," ಎಂದು ಗೊಣಗಿದ.

"ಎಲ್ರೆದುರಿಗೆ ತಾನೇ ತಂಡಾನೇ ಬೇಡ ಅಂದಿದ್ದು? ಇದನ್ನೂ ಎಲ್ರಿಗೂ ಕೇಳೋ ಹಾಗೆ ಹೇಳಿ."

ಹೇಳಿದ. ಹೆಂಗಸರ ತಂಡ ಪೂರ್ತಿಯಾಗಿದೆ, ಮುಂದಿನ ವರ್ಷವೂ ಇರುತ್ತದೆ ಎಂದು ಜೋರಾಗಿಯೇ ಹೇಳಿದ. ತಪ್ಪಾಯಿತು ಎಂಬ ಮಾತು ಮಾತ್ರ ಆ ಬಾಯಿಂದ ಇವತ್ತಿನವರೆಗೂ ಬಂದಿಲ್ಲ.