ಬೇಡವೆಂದ ಶಾಮಿಯಾನ

ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದಾಗ ಹೇರೋಹಳ್ಳಿಯ ಒಂದು ಶಾಲೆಯ ಮತಗಟ್ಟೆಗಳಿಗೆ ಸೌಕರ್ಯ ಒದಗಿಸುವ ಕೆಲಸ ನನ್ನ ತಲೆಗೆ ಬಂತು. ನೆರಳು, ಕುಡಿಯುವ ನೀರು, ಗಾಲಿಕುರ್ಚಿ ಹತ್ತುವಂಥ ಇಳಿಜಾರು ಎಲ್ಲವೂ ಇರಬೇಕೆಂದು ಸುತ್ತೋಲೆ ಹೇಳುತ್ತಿತ್ತು. ಕೈಗೆ ಬಂದ ಮುಂಗಡದಲ್ಲಿ ಅದರ ಅರ್ಧವೂ ಆಗುವಂತಿರಲಿಲ್ಲ. ಮೇಲಧಿಕಾರಿಗೆ ಹೇಳಿದೆ.

"ಎಲ್ರಿಗೂ ಅಷ್ಟೇ ಕಣ್ರೀ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು.

ಸೇವೆಗೆ ಸೇರಿದಾಗಿನಿಂದ ಕೇಳಿದ ಮಾತು. ವಾದಿಸುವ ಶಕ್ತಿ ಉಳಿದಿರಲಿಲ್ಲ.

ಇಳಿಜಾರು ಕಟ್ಟಿಸಿದ್ದಕ್ಕೇ ಹಣದ ಬಹುಪಾಲು ಹೋಯಿತು. ನೀರಿನ ಕ್ಯಾನುಗಳಿಗೆ ಹೇಳಿ, ಉಳಿದದ್ದನ್ನು ಹಿಡಿದುಕೊಂಡು ಶಾಮಿಯಾನದ ಅಂಗಡಿಗೆ ಹೋದೆ. ಅಂಗಡಿಯವನು ಬೆಲೆಯನ್ನೇ ಹೇಳಲಿಲ್ಲ.

"ನಿಮ್ ಸ್ಕೂಲ್‌ಗೆ ಆಗ್ಲೇ ಬುಕ್ ಆಗಿದೆ ಸಾರ್, ಅಂಗಳ ಪೂರ್ತಿ. ಕ್ಯಾಂಡಿಡೇಟ್ ಕಡೆಯೋರೊಬ್ರು ದುಡ್ಡು ಕೊಟ್ಟೋಗಿದಾರೆ."

"ನಂಗೆ ಅವರ ಶಾಮಿಯಾನ ಬೇಡ."

"ಬಟ್ಟೆ ಮೇಲೆ ಹೆಸರಿರಲ್ವಲ್ಲ ಸಾರ್. ಯಾರಿಗ್ ಗೊತ್ತಾಗುತ್ತೆ?"

ಒಂದು ಕ್ಷಣ ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಇದು ಅಣ್ಣ ಹಾಕಿಸಿದ ನೆರಳು ಎಂದು ಸಾಲಿನಲ್ಲಿ ಪಿಸುಗುಟ್ಟಲು ಒಬ್ಬ ಸಾಕು. ನನ್ನಲ್ಲಿದ್ದ ಹಣಕ್ಕೆ ಚಿಕ್ಕದೊಂದು ಶಾಮಿಯಾನ ಗೊತ್ತುಮಾಡಿ, ರಸೀದಿ ಬರೆಸಿಕೊಂಡು ಬಂದೆ.

ಮತದಾನದ ದಿನ ಹತ್ತು ಗಂಟೆಗೆಲ್ಲ ಸಾಲು ಆ ನೆರಳು ದಾಟಿ ಗೇಟಿನವರೆಗೆ ಬಿಸಿಲಲ್ಲಿ ನಿಂತಿತು.

"ಟ್ಯಾಕ್ಸ್ ಕಟ್ಟೋರಿಗೆ ಒಂದ್ ಚೂರು ನೆರಳಿಲ್ವೇನ್ರೀ? ದುಡ್ಡೆಲ್ಲ ತಿಂದ್ರಾ?" ಎಂದು ಒಬ್ಬರು ನನ್ನತ್ತ ಕೂಗಿದರು. ಅಷ್ಟರಲ್ಲಿ ವಯಸ್ಸಾದ ದಂಪತಿ ಸಾಲು ಬಿಟ್ಟು ಮನೆಯ ಕಡೆ ಹೊರಟರು. ಆ ಶಾಮಿಯಾನ ಬೇಡವೆಂದು ನಾನು ತಪ್ಪು ಮಾಡಿದೆನೇ?

ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಅಂದು ಕೋಣೆಗಳ ಬೀಗ ತೆಗೆದುಕೊಡಲು ಬಂದಿದ್ದರು. ಅವರೂ ಇದನ್ನೆಲ್ಲ ನೋಡುತ್ತಿದ್ದರು.

"ಸಾರ್, ಹಿಂದ್ಗಡೆ ಮೂರು ಕ್ಲಾಸ್‌ರೂಮ್ ಖಾಲಿ ಇದಾವಲ್ಲ. ಜನಾನ ಬೆಂಚ್ ಮೇಲೆ ಕೂರ್ಸಿ, ಚೀಟಿ ಕೊಟ್ಟು ನಂಬರ್ ಕರೀರಿ."

ಮತಗಟ್ಟೆಯ ಅಧಿಕಾರಿಗಳು ಒಪ್ಪಿದರು. ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು ನಾನು ನಂಬರ್ ಬರೆದೆ. ಆಕೆ ಮೊದಲು ಗೇಟಿನಾಚೆ ಓಡಿಹೋಗಿ ಆ ದಂಪತಿಯನ್ನು ವಾಪಸು ಕರೆತಂದರು. ಆಮೇಲೆ ಸಂಜೆಯವರೆಗೂ ಬಾಗಿಲಲ್ಲಿ ನಿಂತು ಒಂದೊಂದೇ ನಂಬರ್ ಕೂಗಿದರು. ಕೊನೆಕೊನೆಗೆ ಅವರ ಗಂಟಲು ಕಟ್ಟಿಹೋಗಿತ್ತು.

ಯಂತ್ರಗಳಿಗೆ ಮುದ್ರೆ ಹಾಕಿದ ಮೇಲೆ ನನ್ನ ಬಳಿ ಬಂದು ಕೇಳಿದರು: "ಇವತ್ತಿಂದು ನಂಗೇನಾದ್ರೂ ಬರುತ್ತಾ ಸಾರ್?"

ಭತ್ಯೆಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ನನಗೆ ಬಂದದ್ದರಲ್ಲಿ ಅರ್ಧ ಕೊಟ್ಟೆ.

"ಇದು ನಿಮ್ದಲ್ವಾ? ಮುಂದಿನ್ ಸಲ ನನ್ ಹೆಸರೂ ಬರೆಸಿ" ಎನ್ನುತ್ತ ತೆಗೆದುಕೊಂಡರು.

ಕಚೇರಿಗೆ ಎರಡು ಸಲ ಪತ್ರ ಬರೆದೆ. ಉತ್ತರ ಬರುವ ಮೊದಲೇ ನನಗೆ ನಿವೃತ್ತಿಯಾಯಿತು.